ಟ್ರಾಫಿಕ್ ಕೇಸಿಗೆ ವಕೀಲರು ಬೇಕೇ, ಬೇಡವೇ? ದಂಡದ ಮೊತ್ತ ಬಿಟ್ಟು ಸೆಕ್ಷನ್ ನೋಡಿ ನಿರ್ಧರಿಸುವ ಕ್ರಮ

ಶಿವಮೊಗ್ಗದ ಬಾಲರಾಜ ಅರಸ್ ರಸ್ತೆಯ ನ್ಯಾಯಾಲಯಕ್ಕೆ ಟ್ರಾಫಿಕ್ ಕೇಸಿನ ಕಾಗದ ಹಿಡಿದು ಬರುವವರಲ್ಲಿ ಎರಡು ಬಗೆಯವರು ಪದೇ ಪದೇ ಎಡವುತ್ತಾರೆ. ಹೆಲ್ಮೆಟ್ ಹಾಕದ್ದಕ್ಕೆ ಬಿದ್ದ ಐನೂರು ರೂಪಾಯಿ ಚಲನ್ ಕಂಡು ಗಾಬರಿಯಾಗಿ, ವಕೀಲರ ಫೀಸು ಕೊಟ್ಟು, ಮೂಗಿಗಿಂತ ಮೂಗುತಿ ಭಾರ ಮಾಡಿಕೊಳ್ಳುವವರು ಒಂದು ಬಗೆ. ಅಪಘಾತದ ಕೇಸಿನಲ್ಲಿ ‘ಒಪ್ಪಿಕೊಂಡು ದಂಡ ಕಟ್ಟಿಬಿಡಿ, ಇವತ್ತೇ ಮುಗಿಯುತ್ತದೆ’ ಎಂದು ಯಾರೋ ಹೇಳಿದ್ದನ್ನು ನಂಬಿ ಒಬ್ಬರೇ ಹೋಗಿ ತಪ್ಪೊಪ್ಪಿಕೊಳ್ಳುವವರು ಇನ್ನೊಂದು ಬಗೆ. ಮೊದಲಿನವರು ಕಳೆದುಕೊಳ್ಳುವುದು ಸ್ವಲ್ಪ ಹಣ. ಎರಡನೆಯವರಿಗೆ ಡಿಎಲ್, ಕೆಲಸ, ವಿಮೆಯ ರಕ್ಷಣೆ ಎಲ್ಲವೂ ಕೈತಪ್ಪಬಹುದು.

ಇಬ್ಬರೂ ಮಾಡುವ ತಪ್ಪು ಒಂದೇ: ದಂಡ ಎಷ್ಟು ಎಂದು ನೋಡುತ್ತಾರೆ, ಯಾವ ಸೆಕ್ಷನ್ ಎಂದು ನೋಡುವುದಿಲ್ಲ. ಸಾವಿರ ರೂಪಾಯಿ ದಂಡದ ಕೇಸೊಂದು ಜೀವನಪೂರ್ತಿ ಕಾಡಬಹುದು. ಎರಡು ಸಾವಿರದ ಇನ್ನೊಂದು ಮೊಬೈಲ್‌ನಲ್ಲೇ ಮುಗಿದುಹೋಗಬಹುದು. ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಅನುಸರಿಸಿ. ಮೂರನೆಯ ಹಂತಕ್ಕೆ ನೇರವಾಗಿ ಹಾರಿದರೆ ಮತ್ತೆ ಅದೇ ತಪ್ಪಿಗೆ ಬೀಳುತ್ತೀರಿ.

ಮೊದಲು ಕೈಗೆ ತೆಗೆದುಕೊಳ್ಳಬೇಕಾದ್ದು

ನಿಮಗೆ ಬಂದ ಚಲನ್, ನೋಟಿಸ್ ಅಥವಾ ಸಮನ್ಸ್‌ನ ಎರಡೂ ಬದಿಯ ಜೆರಾಕ್ಸ್. ಡಿಎಲ್, ಆರ್‌ಸಿ, ವಿಮಾ ಪಾಲಿಸಿ, ಹೊಗೆ ತಪಾಸಣೆ ಪತ್ರ. ವಾಣಿಜ್ಯ ವಾಹನವಾದರೆ ಎಫ್‌ಸಿ (ವಾಹನದ ಯೋಗ್ಯತಾ ಪತ್ರ) ಮತ್ತು ಪರ್ಮಿಟ್. ಘಟನೆಯ ದಿನ ವಿಮೆ ಚಾಲ್ತಿಯಲ್ಲಿತ್ತೇ ಎಂಬುದನ್ನು ಪಾಲಿಸಿಯ ದಿನಾಂಕ ನೋಡಿಯೇ ಖಚಿತ ಮಾಡಿಕೊಳ್ಳಿ. ‘ಕಟ್ಟಿದ್ದೆ ಅನಿಸುತ್ತದೆ’ ಎಂಬುದು ಸಾಲದು. ಮೊಬೈಲ್‌ನಲ್ಲಿ ಡಿಜಿಲಾಕರ್ ಅಥವಾ ಎಂ-ಪರಿವಾಹನ್, ಜೊತೆಗೆ ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್ ಇರಲಿ. ಕೊನೆಯದಾಗಿ ಒಂದು ನೋಟ್‌ಬುಕ್. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಯಾರು ನಿಲ್ಲಿಸಿದರು, ಏನು ಹೇಳಿದರು ಎಂಬುದನ್ನು ಅದೇ ದಿನ ರಾತ್ರಿ ಬರೆದಿಡಿ. ಆರು ತಿಂಗಳ ನಂತರ ವಕೀಲರು ಕೇಳುವಾಗ ನೆನಪು ಕೈಕೊಡುತ್ತದೆ, ಬರಹ ಕೈಕೊಡುವುದಿಲ್ಲ.

ಹಂತ 1: ಬಂದಿರುವುದು ಯಾವ ಕಾಗದ ಎಂದು ಗುರುತಿಸಿ

ಜನ ಎಲ್ಲವನ್ನೂ ‘ಚಲನ್’ ಎನ್ನುತ್ತಾರೆ. ಕಾನೂನಿನ ಕಣ್ಣಿಗೆ ಅವು ಬೇರೆ ಬೇರೆ.

ಸ್ಥಳದಲ್ಲೇ ದಂಡ ಕಟ್ಟಿ ರಸೀದಿ ಪಡೆದಿದ್ದರೆ ಅದು ಅಲ್ಲಿಗೆ ಮುಗಿದ ಕೇಸ್. ರಸೀದಿ ಜೋಪಾನವಾಗಿಡಿ, ಅಷ್ಟೇ. ಕ್ಯಾಮೆರಾ ಅಥವಾ ಪೊಲೀಸರ ಯಂತ್ರದಿಂದ ಎಸ್‌ಎಂಎಸ್ ಮೂಲಕ ಬಂದದ್ದು ಇ-ಚಲನ್. ಅದನ್ನು ಕಟ್ಟಲೂಬಹುದು, ಪ್ರಶ್ನಿಸಲೂಬಹುದು. ಆರ್‌ಟಿಓ ಕಚೇರಿಯಿಂದ ‘ನಿಮ್ಮ ಡಿಎಲ್ ಏಕೆ ಅಮಾನತು ಮಾಡಬಾರದು’ ಎಂದು ಕೇಳಿ ಬಂದದ್ದು ಕಾರಣ ಕೇಳುವ ನೋಟಿಸ್. ಇದಕ್ಕೆ ದಂಡ ಕಟ್ಟಿ ಉತ್ತರಿಸಲಾಗದು, ಲಿಖಿತ ವಿವರಣೆಯನ್ನೇ ಕೊಡಬೇಕು. ನ್ಯಾಯಾಲಯದ ಮೊಹರು ಮತ್ತು ಹಾಜರಾಗಬೇಕಾದ ದಿನಾಂಕ ಇದ್ದರೆ ಅದು ಸಮನ್ಸ್. ಠಾಣೆಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ಅಡಿ ವಿಚಾರಣೆಗೆ ಬರಲು ನೋಟಿಸ್ ಬಂದಿದ್ದರೆ ಎಫ್‌ಐಆರ್ ದಾಖಲಾಗಿದೆ ಎಂದೇ ತಿಳಿಯಿರಿ. ಕೊನೆಯ ಎರಡರಲ್ಲಿ ಯಾವುದು ಬಂದರೂ ಸುಮ್ಮನೆ ಮನೆಯಲ್ಲಿಡಬೇಡಿ. ಸಮನ್ಸ್ ದಿನ ಹಾಜರಾಗದಿದ್ದರೆ ಮೊದಲು ಜಾಮೀನು ಸಹಿತ ವಾರಂಟ್, ಆಮೇಲೆ ಜಾಮೀನುರಹಿತ ವಾರಂಟ್ ಹೊರಡಬಹುದು. ಎರಡು ಸಾವಿರದ ಕೇಸು ಅಲ್ಲಿಂದ ಬೇರೆಯೇ ಕೇಸಾಗುತ್ತದೆ.

ಎಚ್ಚರಿಕೆಯ ಮಾತೊಂದು. ವಾಟ್ಸ್‌ಆ್ಯಪ್‌ನಲ್ಲಿ ಚಲನ್ ಹೆಸರಿನ ಎಪಿಕೆ ಫೈಲ್ ಬಂದರೆ ಒತ್ತಬೇಡಿ. ಮೊಬೈಲ್‌ನಿಂದ ಬ್ಯಾಂಕ್ ಖಾತೆಗೆ ಕನ್ನ ಹಾಕುವ ಜಾಲ ಅದು. ಪರಿವಾಹನ್‌ನ ಅಧಿಕೃತ ಇ-ಚಲನ್ ತಾಣಕ್ಕೆ ನೀವೇ ಹೋಗಿ ವಾಹನದ ಸಂಖ್ಯೆ ಹಾಕಿ ನೋಡಿ. ಅಲ್ಲಿ ಕಾಣದಿದ್ದರೆ ಹತ್ತಿರದ ಸಂಚಾರ ಠಾಣೆಯಲ್ಲಿ ಕೇಳಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಂತ 2: ಸೆಕ್ಷನ್ ಸಂಖ್ಯೆ ಹುಡುಕಿ, ‘ಸೆರೆವಾಸ’ ಎಂಬ ಪದ ಇದೆಯೇ ನೋಡಿ

ಚಲನ್‌ನಲ್ಲಿ ಅಪರಾಧದ ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ ಒಂದು ಸಂಖ್ಯೆ ಇರುತ್ತದೆ. ನಿಮ್ಮ ನಿರ್ಧಾರಕ್ಕೆ ಬೇಕಾದ ಮುಕ್ಕಾಲು ಪಾಲು ಮಾಹಿತಿ ಅದರಲ್ಲೇ ಇದೆ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ದಂಡಗಳು ಬಹಳ ಏರಿವೆ. ಕರ್ನಾಟಕ ಸರ್ಕಾರ ಕೆಲವು ಮೊತ್ತಗಳನ್ನು ಇಳಿಸಿದೆ. ಹೆಲ್ಮೆಟ್‌ಗೆ ಕಾಯ್ದೆಯಲ್ಲಿ 1,000 ರೂಪಾಯಿ ಇದ್ದರೆ ಇಲ್ಲಿ ಕಟ್ಟುವುದು 500. ಆದ್ದರಿಂದ ಮೊತ್ತ ನೋಡಿ ಗೊಂದಲಗೊಳ್ಳುವ ಬದಲು ಸಂಖ್ಯೆಯನ್ನು ನೋಡಿ.

ದಂಡ ಮಾತ್ರ ಇರುವವು: 177 ಸಾಮಾನ್ಯ ಉಲ್ಲಂಘನೆ, 183 ಅತಿವೇಗ, 194ಬಿ ಸೀಟ್ ಬೆಲ್ಟ್, 194ಸಿ ಬೈಕಿನಲ್ಲಿ ಮೂವರ ಸವಾರಿ, 194ಡಿ ಹೆಲ್ಮೆಟ್. ಕೊನೆಯ ಎರಡಕ್ಕೆ ಕಾಯ್ದೆಯಲ್ಲಿ ಮೂರು ತಿಂಗಳ ಡಿಎಲ್ ಅನರ್ಹತೆಯೂ ಇದೆ ಎಂಬುದನ್ನು ಮರೆಯಬೇಡಿ.

ಸೆರೆವಾಸಕ್ಕೂ ಅವಕಾಶ ಇರುವವು: 181 ಡಿಎಲ್ ಇಲ್ಲದೆ ಚಾಲನೆ, ಮೂರು ತಿಂಗಳವರೆಗೆ ಸೆರೆ ಅಥವಾ 5,000 ದಂಡ ಅಥವಾ ಎರಡೂ. 184 ಅಪಾಯಕಾರಿ ಚಾಲನೆ. 185 ಕುಡಿದು ಚಾಲನೆ, ಮೊದಲ ಬಾರಿಗೆ ಆರು ತಿಂಗಳವರೆಗೆ ಸೆರೆ ಅಥವಾ 10,000 ದಂಡ ಅಥವಾ ಎರಡೂ. 192ಎ ಪರ್ಮಿಟ್ ಉಲ್ಲಂಘನೆ. 196 ವಿಮೆ ಇಲ್ಲದ್ದು. 199ಎ ಅಪ್ರಾಪ್ತರಿಗೆ ವಾಹನ ಕೊಟ್ಟದ್ದು, ಪೋಷಕರು ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆ ಮತ್ತು 25,000 ದಂಡ.

ಭಾರತೀಯ ನ್ಯಾಯ ಸಂಹಿತೆಯ ಸಂಖ್ಯೆಗಳು: 281 ದುಡುಕಿನ ಚಾಲನೆ, 125 ಗಾಯ, 106 ನಿರ್ಲಕ್ಷ್ಯದಿಂದ ಸಾವು. ಹಳೆಯ ಐಪಿಸಿಯಲ್ಲಿ ಇವು 279, 337, 338, 304ಎ ಆಗಿದ್ದವು. 2024ರ ಜುಲೈ 1ರಿಂದ ಈಚಿನ ಘಟನೆಗಳಿಗೆ ಹೊಸ ಸಂಖ್ಯೆಗಳು. ಇವುಗಳಲ್ಲಿ ಒಂದು ಕಂಡರೂ ನಿಮ್ಮದು ಟ್ರಾಫಿಕ್ ಚಲನ್ ಅಲ್ಲ, ಕ್ರಿಮಿನಲ್ ಕೇಸ್.

ಹಂತ 3: ವಕೀಲರಿಲ್ಲದೆ ಮುಗಿಸಬಹುದಾದವನ್ನು ಮೊದಲು ಬೇರ್ಪಡಿಸಿ

ದಂಡ ಮಾತ್ರ ಇರುವ ಸೆಕ್ಷನ್, ತಪ್ಪು ನಿಮ್ಮದೇ, ಯಾರಿಗೂ ಗಾಯವಾಗಿಲ್ಲ, ಆರ್‌ಟಿಓ ನೋಟಿಸ್ ಬಂದಿಲ್ಲ. ಈ ನಾಲ್ಕೂ ಹೌದಾದರೆ ಚಲನ್‌ನಲ್ಲಿರುವ ಗಡುವಿನೊಳಗೆ ಕಟ್ಟಿ. ಆನ್‌ಲೈನ್, ಕರ್ನಾಟಕ ಒನ್ ಕೇಂದ್ರ ಅಥವಾ ಸಂಚಾರ ಠಾಣೆ, ಯಾವುದಾದರೂ ಸರಿ. 2023ರ ಫೆಬ್ರುವರಿಯಲ್ಲಿ ಮತ್ತು 2025ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಸರ್ಕಾರ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಿತ್ತು. ಹಾಗೆಂದು ಮುಂದಿನ ರಿಯಾಯಿತಿ ಕಾಯುತ್ತಾ ಕೂರುವುದು ಸರಿಯಲ್ಲ. ಅಷ್ಟರಲ್ಲಿ ಚಲನ್ ಕೋರ್ಟಿಗೆ ಹೋಗಿಬಿಡಬಹುದು. ಲೋಕ ಅದಾಲತ್ ದಿನ ಇಂಥ ಸಣ್ಣ ಕೇಸುಗಳು ಬೇಗ ಇತ್ಯರ್ಥವಾಗುತ್ತವೆ. ಅಲ್ಲಿ ಆದ ತೀರ್ಮಾನದ ವಿರುದ್ಧ ಮೇಲ್ಮನವಿ ಇಲ್ಲ ಎಂಬುದು ತಿಳಿದಿರಲಿ.

ತಪ್ಪು ನಿಮ್ಮದಲ್ಲದಿದ್ದರೂ ಬಹುಪಾಲು ವಕೀಲರು ಬೇಕಾಗುವುದಿಲ್ಲ. ಇ-ಚಲನ್‌ನ ಫೋಟೋ ದೊಡ್ಡದು ಮಾಡಿ ನಂಬರ್ ಪ್ಲೇಟ್ ಅಕ್ಷರ ಅಕ್ಷರ ಓದಿ. ಶಿವಮೊಗ್ಗದ ಕೆಎ-14ಕ್ಕೂ ಸಾಗರದ ಕೆಎ-15ಕ್ಕೂ ಒಂದೇ ಅಂಕಿಯ ಅಂತರ. ಮಳೆಗಾಲದಲ್ಲಿ ಕೆಸರು ಮೆತ್ತಿದ ಪ್ಲೇಟ್ ಆದರೆ 8 ಮತ್ತು 3 ಒಂದೇ ರೀತಿ ಕಾಣುತ್ತವೆ. ವಾಹನದ ಬಣ್ಣ, ಮಾದರಿ, ಹಿಂದಿನ ಸ್ಟಿಕ್ಕರ್ ನಿಮ್ಮದಕ್ಕೆ ಹೊಂದುತ್ತದೆಯೇ? ಹೊಂದದಿದ್ದರೆ ನಿಮ್ಮ ವಾಹನದ ಫೋಟೋ, ಆರ್‌ಸಿ ಪ್ರತಿ, ಆ ಸಮಯದಲ್ಲಿ ವಾಹನ ಬೇರೆಡೆ ಇತ್ತು ಎಂಬುದಕ್ಕೆ ಪುರಾವೆ ಲಗತ್ತಿಸಿ, ಚಲನ್ ಹಾಕಿದ ಠಾಣೆಗೆ ಲಿಖಿತ ಅರ್ಜಿ ಕೊಡಿ. ಸ್ವೀಕೃತಿ ಸಹಿ ಪಡೆಯದೆ ಹಿಂದಿರುಗಬೇಡಿ. ಬಾಯಿಮಾತಿನ ಭರವಸೆ ನಾಳೆ ಸಾಕ್ಷಿಗೆ ಬರುವುದಿಲ್ಲ.

ದಾಖಲೆ ಮನೆಯಲ್ಲಿ ಮರೆತು ಬಂದಿದ್ದಕ್ಕೆ ವಕೀಲರನ್ನು ಹುಡುಕುವವರೂ ಇದ್ದಾರೆ. ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ಡಿಎಲ್, ಆರ್‌ಸಿಗೆ ಮೂಲ ದಾಖಲೆಯಷ್ಟೇ ಮಾನ್ಯತೆ ಇದೆ. ಸ್ಥಳದಲ್ಲೇ ತೋರಿಸಿ.

ಹಂತ 4: ಒಬ್ಬರೇ ಹೋಗಲೇಬಾರದ ಕೇಸುಗಳು

ಈ ಭಾಗವನ್ನು ನಿಧಾನವಾಗಿ ಓದಿ. ಜನ ಕೈಸುಟ್ಟುಕೊಳ್ಳುವುದು ಇಲ್ಲಿಯೇ.

ಯಾರಿಗಾದರೂ ಗಾಯವಾದ ಅಪಘಾತ. 281ಕ್ಕೆ ಕಾನೂನಿನಲ್ಲಿರುವ ದಂಡ 1,000 ರೂಪಾಯಿವರೆಗೆ. ಇಷ್ಟು ಸಣ್ಣ ಮೊತ್ತ ನೋಡಿಯೇ ಜನ ಒಪ್ಪಿಕೊಳ್ಳುತ್ತಾರೆ. ಕೋರ್ಟ್ ಹಾಲ್‌ನಲ್ಲಿ ಹೆಸರು ಕೂಗುತ್ತಾರೆ, ನೀವು ಕೈಮುಗಿದು ನಿಲ್ಲುತ್ತೀರಿ, ಆರೋಪ ಓದಿ ಹೇಳಿ ‘ತಪ್ಪು ಒಪ್ಪಿಕೊಳ್ಳುತ್ತೀರಾ’ ಎಂದು ಕೇಳುತ್ತಾರೆ. ಹೌದು ಎಂದರೆ ಕೆಲವೇ ನಿಮಿಷದ ಕೆಲಸ. ಬೀಸುವ ದೊಣ್ಣೆ ತಪ್ಪಿತೆಂದು ನಿಟ್ಟುಸಿರು ಬಿಟ್ಟು ಹೊರಗೆ ಬರುತ್ತೀರಿ. ಆದರೆ ಆ ಒಂದು ‘ಹೌದು’ ಅಪಘಾತಕ್ಕೆ ನೀವೇ ಕಾರಣ ಎಂಬುದಕ್ಕೆ ದಾಖಲೆಯಾಗಿ ಉಳಿಯುತ್ತದೆ. ಗಾಯಾಳು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋದಾಗ ಅದನ್ನೇ ಮುಂದಿಡುತ್ತಾರೆ. ವಿಮೆ ಇದ್ದು, ಡಿಎಲ್ ಸರಿಯಿದ್ದರೆ ವಿಮಾ ಕಂಪನಿ ಪರಿಹಾರ ಕೊಡುತ್ತದೆ. ಡಿಎಲ್ ಸರಿಯಿಲ್ಲದಿದ್ದರೆ ಕಂಪನಿ ಗಾಯಾಳುವಿಗೆ ಕೊಟ್ಟು ನಿಮ್ಮಿಂದ ವಸೂಲಿ ಮಾಡಬಹುದು. ವಿಮೆಯೇ ಇಲ್ಲದಿದ್ದರೆ ಪೂರ್ತಿ ಹೊರೆ ಮಾಲೀಕರ ತಲೆಯ ಮೇಲೆ. ಅಡಿಕೆ ತೋಟ ಮಾರಬೇಕಾದ ಸ್ಥಿತಿಯೂ ಬರಬಹುದು. ತಪ್ಪೊಪ್ಪಿಕೊಂಡ ಮೇಲೆ ಶಿಕ್ಷೆಯ ಪ್ರಮಾಣ ಮತ್ತು ಅದರ ಕಾನೂನುಬದ್ಧತೆ ಬಿಟ್ಟರೆ ಬೇರೆ ಯಾವುದರ ಮೇಲೂ ಮೇಲ್ಮನವಿ ಹೋಗಲು ಬಾರದು.

ಮಲೆನಾಡಿನಲ್ಲಿ ಇನ್ನೊಂದು ನಂಬಿಕೆಯಿದೆ: ಊರಿನ ಹಿರಿಯರ ಮುಂದೆ ಕೂತು ಆಸ್ಪತ್ರೆ ಖರ್ಚು ಕೊಟ್ಟರೆ ಕೇಸ್ ಮುಗಿಯಿತು ಎಂದು. ಆಸ್ಪತ್ರೆ ಖರ್ಚು ಕೊಡುವುದು ಒಳ್ಳೆಯದೇ, ಮಾನವೀಯವೂ ಹೌದು. ಆದರೆ ಎಫ್‌ಐಆರ್ ಆದ ಮೇಲೆ ಕೇಸ್ ಸರ್ಕಾರದ್ದು. 281 ರಾಜಿಯಾಗಬಹುದಾದ ಅಪರಾಧಗಳ ಪಟ್ಟಿಯಲ್ಲಿಲ್ಲ. ರಾಜಿ ಪತ್ರ ಮಾಡಿಕೊಳ್ಳುವ ಮುನ್ನವೇ ವಕೀಲರಿಗೆ ತೋರಿಸಿ, ಏಕೆಂದರೆ ಅದರಲ್ಲಿ ‘ನನ್ನ ತಪ್ಪಿನಿಂದ’ ಎಂದು ಬರೆದುಕೊಡುವವರೇ ಹೆಚ್ಚು.

ಗಾಯಾಳು ನೀವೇ ಆಗಿದ್ದರೂ ವಕೀಲರು ಬೇಕು. ಪರಿಹಾರದ ಅರ್ಜಿಗೆ ಆರು ತಿಂಗಳ ಮಿತಿಯನ್ನು 2019ರ ತಿದ್ದುಪಡಿ ಮತ್ತೆ ತಂದಿದೆ. ಕಾಲು ಕೂಡಿಕೊಳ್ಳಲಿ ಎಂದು ಕಾಯುತ್ತಾ ಕುಳಿತರೆ ಆ ಅವಧಿ ಸದ್ದಿಲ್ಲದೆ ಕಳೆದುಹೋಗುತ್ತದೆ.

ಸಾವು ಸಂಭವಿಸಿದ್ದರೆ ಯೋಚಿಸುವುದಕ್ಕೇ ಏನೂ ಇಲ್ಲ. 106(1)ರ ಅಡಿ ಐದು ವರ್ಷದವರೆಗೆ ಸೆರೆವಾಸವಿದೆ. ಅದೇ ದಿನ ವಕೀಲರಿಗೆ ಫೋನ್ ಮಾಡಿ. ಆದರೆ ಅದಕ್ಕೂ ಮೊದಲು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು, ಪೊಲೀಸರಿಗೆ ತಿಳಿಸುವುದು, ವಿಮಾ ಕಂಪನಿಗೆ ತಿಳಿಸುವುದು ಚಾಲಕರ ಕರ್ತವ್ಯ. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಹೇಳುವುದೂ ಇದನ್ನೇ. ವಕೀಲರನ್ನು ಹುಡುಕುತ್ತಾ ಸ್ಥಳ ಬಿಟ್ಟು ಓಡಿದವರನ್ನು ಯಾವ ವಕೀಲರೂ ಸುಲಭವಾಗಿ ಉಳಿಸಲಾರರು.

ಕುಡಿದು ಚಾಲನೆ. ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ಇದನ್ನು ಸ್ಥಳದಲ್ಲೇ ದಂಡ ಕಟ್ಟಿ ಮುಗಿಸಲು ಕಾಯ್ದೆಯಲ್ಲಿ ಅವಕಾಶವೇ ಇಲ್ಲ, ನ್ಯಾಯಾಲಯಕ್ಕೇ ಹೋಗಬೇಕು. ‘ಇಲ್ಲಿಯೇ ಕೊಟ್ಟು ಹೋಗಿ’ ಎಂದು ಯಾರಾದರೂ ಹೇಳಿದರೆ ಅದು ದಂಡವಲ್ಲ, ಲಂಚ. ಉಸಿರಾಟ ತಪಾಸಣಾ ಯಂತ್ರದಿಂದ ಹೊರಬರುವ ಪುಟ್ಟ ಚೀಟಿಯೇ ಈ ಕೇಸಿನ ಜೀವಾಳ. ಅದರಲ್ಲಿ ದಿನಾಂಕ, ಸಮಯ, ಅಳತೆಯ ಅಂಕಿ ಸರಿಯಾಗಿವೆಯೇ, ನಿಮ್ಮ ಹೆಸರು ಮತ್ತು ವಾಹನದ ಸಂಖ್ಯೆ ತಪ್ಪಿಲ್ಲವೇ ಎಂದು ಸಹಿ ಹಾಕುವ ಮೊದಲು ನೋಡಿ. ಊದಲು ನಿರಾಕರಿಸುವುದು ಜಾಣತನವಲ್ಲ. ಆ ನಿರಾಕರಣೆಯನ್ನೇ ನಿಮ್ಮ ವಿರುದ್ಧದ ಸಾಕ್ಷ್ಯಕ್ಕೆ ಬಲವಾಗಿ ಬಳಸಬಹುದು. ಬಂಧಿಸಿದರೆ ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಆಗಬೇಕು, ಇಲ್ಲವಾದರೆ ಬಿಡುಗಡೆ ಮಾಡಬೇಕು ಎಂದು ಕಾಯ್ದೆ ಹೇಳುತ್ತದೆ. ಈ ಸಮಯಗಳನ್ನೆಲ್ಲ ನಿಮ್ಮ ನೋಟ್‌ಬುಕ್‌ಗೆ ಬರೆದುಕೊಳ್ಳಿ.

ಮೊದಲ ಬಾರಿ, ಅಪಘಾತವಿಲ್ಲ, ಅಳತೆ ಸ್ಪಷ್ಟವಾಗಿದೆ, ಡಿಎಲ್ ಮೇಲೆ ಹೊಟ್ಟೆಪಾಡು ನಿಂತಿಲ್ಲ ಎಂದಾದರೆ ಹಲವರು ದಂಡ ಕಟ್ಟಿ ಮುಗಿಸುತ್ತಾರೆ. ಆದರೆ ಹಾಗೆ ಮಾಡುವ ಮುನ್ನವೂ ಒಮ್ಮೆ ವಕೀಲರ ಸಲಹೆ ಪಡೆಯಿರಿ ಎಂಬುದೇ ನನ್ನ ಅಭಿಪ್ರಾಯ. ಎರಡನೆಯ ಬಾರಿ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಸೆರೆ ಅಥವಾ 15,000 ದಂಡ ಅಥವಾ ಎರಡೂ, ಮತ್ತು ಈ ಮೊದಲ ಒಪ್ಪಿಗೆಯೇ ಅದಕ್ಕೆ ಮೆಟ್ಟಿಲು.

ಮಗನ ಕೈಗೆ ಸ್ಕೂಟರ್ ಕೊಟ್ಟದ್ದು. ಪಿಯು ಕಾಲೇಜಿಗೆ ಬಸ್ ಸಿಗದ ಹಳ್ಳಿಗಳಿಂದ ಹದಿನೇಳರ ಹುಡುಗರು ಬೈಕಿನಲ್ಲಿ ಬರುವುದು ನಮಗೆಲ್ಲ ಗೊತ್ತು. ಶಿವಮೊಗ್ಗದ ನ್ಯಾಯಾಲಯಗಳು ಇಂಥ ಕೇಸುಗಳಲ್ಲಿ ವಾಹನ ಮಾಲೀಕರಿಗೆ 25,000 ರೂಪಾಯಿ ದಂಡ ವಿಧಿಸಿದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿದೆ. ದಂಡದ ಜೊತೆ ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗಬಹುದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಡಿಎಲ್ ಸಿಗದಂತಾಗಬಹುದು. ತನಗೆ ತಿಳಿಯದೆ ಒಯ್ದನು, ತಡೆಯಲು ತಕ್ಕ ಎಚ್ಚರ ವಹಿಸಿದ್ದೆ ಎಂದು ಸಾಬೀತು ಮಾಡುವ ಹೊಣೆ ಪೋಷಕರದ್ದೇ. ಅದನ್ನು ಸರಿಯಾಗಿ ಮಂಡಿಸಲು ವಕೀಲರು ಬೇಕೇ ಬೇಕು.

ಸರಕು ವಾಹನದಲ್ಲಿ ಜನ. ಅಡಿಕೆಯ ಕೊನೆಕೊಯ್ಲಿನ ಕಾಲಕ್ಕೆ ಕೆಲಸದವರನ್ನು ಪಿಕಪ್‌ನಲ್ಲಿ ಕರೆದೊಯ್ಯುವುದು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ರೂಢಿ. ತಪಾಸಣೆಯಲ್ಲಿ ಸಿಕ್ಕರೆ ದಂಡ ಕಟ್ಟಿ ಮರುದಿನ ಮತ್ತೆ ಹತ್ತಿಸುತ್ತಾರೆ. ಇದರ ಹಿಂದೆ ಎರಡು ಗಂಡಾಂತರಗಳಿವೆ. ಸುಪ್ರೀಂ ಕೋರ್ಟ್‌ನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲಿ ಕೊಟ್ಟ ನಿರ್ದೇಶನದ ಪ್ರಕಾರ ಸರಕು ವಾಹನದಲ್ಲಿ ಜನರನ್ನು ಸಾಗಿಸುವುದು, ಅತಿಭಾರ, ಅತಿವೇಗ, ಕೆಂಪು ದೀಪ ದಾಟುವುದು, ಕುಡಿದು ಓಡಿಸುವುದು, ಚಾಲನೆಯಲ್ಲಿ ಮೊಬೈಲ್ ಬಳಸುವುದು ಇವುಗಳಿಗೆ ಕನಿಷ್ಠ ಮೂರು ತಿಂಗಳ ಡಿಎಲ್ ಅಮಾನತು ಆಗಬೇಕು. ಎರಡನೆಯದು ಇನ್ನೂ ದೊಡ್ಡದು. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮೆಯ ರಕ್ಷಣೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ಘಾಟಿಯ ತಿರುವಿನಲ್ಲಿ ಗಾಡಿ ಮಗುಚಿದರೆ ಹಿಂದೆ ಕುಳಿತ ಅಷ್ಟೂ ಜನರ ಪರಿಹಾರ ಮಾಲೀಕರ ಮೇಲೆ ಬರಬಹುದು. ಅಪಘಾತವಾಗದಿದ್ದರೂ, 192ಎ ಹಾಕಿದ್ದರೆ ಅಥವಾ ಆರ್‌ಟಿಓ ನೋಟಿಸ್ ಬಂದಿದ್ದರೆ ವಕೀಲರ ಹತ್ತಿರ ಹೋಗಿ. ಅಡಿಕೆ, ಮರಳು, ಜಲ್ಲಿ ಸಾಗಿಸುವಾಗ ಅತಿಭಾರ ಸಿಕ್ಕಿದ್ದರೂ ಹಾಗೆಯೇ. 194ರ ಅಡಿ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್‌ಗೆ 2,000.

ಡಿಎಲ್ ಮೇಲೆಯೇ ಬದುಕುವವರು. ಬಸ್, ಆಟೊ, ಟ್ಯಾಕ್ಸಿ, ಲಾರಿ ಚಾಲಕರಿಗೆ ದಂಡಕ್ಕಿಂತ ಅಮಾನತು ದೊಡ್ಡದು. ಅಮಾನತಿನ ಆದೇಶ ಕೈಗೆ ಬಂದ ಮೂವತ್ತು ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕು. ಸರ್ಕಾರಿ ನೌಕರಿಗೆ ಅರ್ಜಿ ಹಾಕಿರುವ ಯುವಕರೂ ಇದೇ ಸಾಲಿಗೆ ಸೇರುತ್ತಾರೆ. ಪೊಲೀಸ್ ಪರಿಶೀಲನೆಯ ನಮೂನೆಯಲ್ಲಿ ಕ್ರಿಮಿನಲ್ ಕೇಸಿನ ಪ್ರಶ್ನೆ ಇದ್ದೇ ಇರುತ್ತದೆ.

ಹಂತ 5: ನಡುವಿನ ಕೇಸುಗಳಿಗೆ ಪ್ರಶ್ನೆಗಳು, ಇದೇ ಕ್ರಮದಲ್ಲಿ

ಸೆಕ್ಷನ್‌ನಲ್ಲಿ ಸೆರೆವಾಸ ಇದೆಯೇ? ಅಪಘಾತ ಇದೆಯೇ? ವಿಮೆ ಅಥವಾ ಡಿಎಲ್ ದಾಖಲೆಯಲ್ಲಿ ಲೋಪ ಇದೆಯೇ? ಇದೇ ತಪ್ಪು ಹಿಂದೆಯೂ ಆಗಿದೆಯೇ? ನಿಮ್ಮ ಜೀವನೋಪಾಯ ಡಿಎಲ್ ಮೇಲೆ ನಿಂತಿದೆಯೇ? ಒಂದಕ್ಕೆ ‘ಹೌದು’ ಬಂದರೆ ವಕೀಲರೊಡನೆ ಒಮ್ಮೆ ಮಾತಾಡಿ. ಎರಡಕ್ಕೆ ಬಂದರೆ ಅವರನ್ನೇ ನೇಮಿಸಿ.

ಒಂದು ಸಾಮಾನ್ಯ ಸಂದರ್ಭ: ವಾಹನ ಮಾರಿ ವರ್ಷವಾಗಿದೆ, ಚಲನ್ ಮಾತ್ರ ನಿಮ್ಮ ಹೆಸರಿಗೇ ಬರುತ್ತಿದೆ. ಆರ್‌ಸಿ ವರ್ಗಾವಣೆ ಆಗದಿದ್ದರೆ ಕಾನೂನಿಗೆ ಮಾಲೀಕರು ನೀವೇ. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನೇ ಹೇಳಿದೆ. ಹೆಲ್ಮೆಟ್ ಚಲನ್ ಆದರೆ ಕೊಂಡವರಿಂದ ಕಟ್ಟಿಸಿ, ವರ್ಗಾವಣೆ ಮುಗಿಸಿ. ಅಪಘಾತದ ನೋಟಿಸ್ ಆದರೆ ಮಾರಾಟದ ಕಾಗದದೊಂದಿಗೆ ವಕೀಲರ ಹತ್ತಿರ ಹೋಗಿ.

ಅತಿವೇಗ ಅಥವಾ ಅಪಾಯಕಾರಿ ಚಾಲನೆಯ ಸಮನ್ಸ್ ಘಟನೆಯಾಗಿ ಬಹಳ ದಿನಗಳ ಮೇಲೆ ಬಂದಿದ್ದರೂ ಕೇಳಿ ನೋಡಿ. 183 ಮತ್ತು 184ಕ್ಕೆ ಸ್ಥಳದಲ್ಲೇ ಎಚ್ಚರಿಸಿರಬೇಕು, ಇಲ್ಲವೇ 14 ದಿನದೊಳಗೆ ನೋಟಿಸ್ ಕಳುಹಿಸಿರಬೇಕು, ಇಲ್ಲವೇ 28 ದಿನದೊಳಗೆ ಸಮನ್ಸ್ ತಲುಪಿರಬೇಕು ಎಂದು 209ನೇ ಸೆಕ್ಷನ್ ಹೇಳುತ್ತದೆ. ಅದಕ್ಕೆ ವಿನಾಯಿತಿಗಳೂ ಇವೆ. ನಿಮ್ಮ ಕೇಸಿಗೆ ಅದು ಹೊಂದುತ್ತದೆಯೇ ಎಂದು ಹೇಳಬಲ್ಲವರು ವಕೀಲರು.

ಹಂತ 6: ಯಾವ ಕೋರ್ಟ್ ಎಂದು ತಿಳಿದ ಮೇಲೆ ವಕೀಲರನ್ನು ಹುಡುಕಿ

ಕೇಸ್ ನಡೆಯುವುದು ಘಟನೆ ನಡೆದ ಜಾಗದ ನ್ಯಾಯಾಲಯದಲ್ಲಿ, ನಿಮ್ಮ ಮನೆಯ ಹತ್ತಿರದಲ್ಲಲ್ಲ. ಬೆಂಗಳೂರಿನಿಂದ ಜೋಗಕ್ಕೆ ಬಂದವರು ಸಾಗರದ ಬಳಿ ಸಿಕ್ಕಿಬಿದ್ದರೆ ಸಾಗರದ ಕೋರ್ಟ್. ಆಗುಂಬೆ ಊರು ತೀರ್ಥಹಳ್ಳಿ ತಾಲ್ಲೂಕಿನದು, ಘಾಟಿಯ ಬುಡದ ಸೋಮೇಶ್ವರ ಉಡುಪಿ ಜಿಲ್ಲೆಯದು. ಯಾವ ತಿರುವಿನಲ್ಲಿ ಅಪಘಾತವಾಯಿತು ಎಂಬುದರ ಮೇಲೆ ಠಾಣೆಯೂ ಕೋರ್ಟೂ ಬದಲಾಗುತ್ತವೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹೆಸರು ಅಥವಾ ಸಿಎನ್ಆರ್ ಸಂಖ್ಯೆ (ಪ್ರತಿ ಕೇಸಿಗೂ ಕೋರ್ಟ್ ಕೊಡುವ ಗುರುತಿನ ಸಂಖ್ಯೆ) ಹಾಕಿದರೆ ಯಾವ ನ್ಯಾಯಾಲಯ, ಮುಂದಿನ ದಿನಾಂಕ ಯಾವುದು ಎಂದು ತಿಳಿಯುತ್ತದೆ. ಆ ನ್ಯಾಯಾಲಯದಲ್ಲಿ ದಿನವೂ ನಡೆದಾಡುವ ವಕೀಲರನ್ನೇ ಹಿಡಿಯಿರಿ. ದೂರದ ದೊಡ್ಡ ಹೆಸರಿಗಿಂತ ಅವರು ಉಪಯೋಗಕ್ಕೆ ಬರುತ್ತಾರೆ. ನೀವು ದೂರದಲ್ಲಿದ್ದರೆ ಖುದ್ದು ಹಾಜರಿಯಿಂದ ವಿನಾಯಿತಿ ಕೋರಿ ನಿಮ್ಮ ಪರವಾಗಿ ಅವರೇ ಹಾಜರಾಗಲು ಕೇಳಿಕೊಳ್ಳಬಹುದು. ಅನುಮತಿ ಕೊಡುವುದು ನ್ಯಾಯಾಧೀಶರ ವಿವೇಚನೆ.

ಭೇಟಿಯ ದಿನ ಕೇಳಬೇಕಾದ್ದು ಇಷ್ಟು: ಒಟ್ಟು ಫೀಸು ಎಷ್ಟು, ಅದು ಇಡೀ ಕೇಸಿಗೋ ಪ್ರತಿ ಹಾಜರಿಗೋ, ಕೋರ್ಟ್ ದಂಡ ಅದರಲ್ಲಿ ಸೇರಿದೆಯೇ, ಜಾಮೀನು ಮತ್ತು ವಾಹನ ಬಿಡಿಸುವ ಅರ್ಜಿಗೆ ಬೇರೆ ಫೀಸೇ, ತಪ್ಪೊಪ್ಪಿಕೊಂಡರೆ ಏನಾಗುತ್ತದೆ, ಹೋರಾಡಿದರೆ ಏನಾಗುತ್ತದೆ. ಕೊನೆಯ ಎರಡಕ್ಕೂ ಸಮಾಧಾನದಿಂದ ಉತ್ತರ ಕೊಡುವವರು ಒಳ್ಳೆಯವರು. ವಕೀಲರಿಗೆ ನಿಮ್ಮ ಪರ ವಾದಿಸಲು ಅಧಿಕಾರ ಕೊಡುವ ಪತ್ರವೇ ವಕಾಲತ್ತು; ಅದು ಖಾಲಿ ಇರುವಾಗ ಸಹಿ ಹಾಕಬೇಡಿ. ಕೇಸಿನ ಸಂಖ್ಯೆ, ನಿಮ್ಮ ಹೆಸರು ತುಂಬಿದ ಮೇಲೆಯೇ ಸಹಿ.

ಫೀಸು ಕೊಡುವ ಶಕ್ತಿ ಇಲ್ಲದವರು ಹಿಂಜರಿಯಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಮಿಕರು, ಬಂಧನದಲ್ಲಿರುವವರು, ಆದಾಯ ಮಿತಿಯೊಳಗಿನವರು ಉಚಿತ ವಕೀಲರನ್ನು ಪಡೆಯಲು ಅರ್ಹರು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಶಿವಮೊಗ್ಗದಲ್ಲಿದೆ, ತಾಲ್ಲೂಕುಗಳಲ್ಲಿ ಸಮಿತಿಗಳಿವೆ. ಸಹಾಯವಾಣಿ 15100. ಮಹಿಳೆಯರಿಗೆ ಆದಾಯದ ಷರತ್ತೂ ಇಲ್ಲ.

ಹಂತ 7: ಈ ಲಕ್ಷಣ ಕಂಡರೆ ಹಿಂದೆ ಸರಿಯಿರಿ

ಠಾಣೆಯ ಬಾಗಿಲಲ್ಲೇ ಕಾರ್ಡ್ ಕೊಟ್ಟು ‘ನಮ್ಮ ವಕೀಲರ ಹತ್ತಿರ ಬನ್ನಿ’ ಎನ್ನುವವರು. ವಕೀಲರು ಹಾಗೆ ಕಕ್ಷಿದಾರರನ್ನು ಬೇಟೆಯಾಡುವುದನ್ನು ಬಾರ್ ಕೌನ್ಸಿಲ್ ನಿಯಮ ನಿಷೇಧಿಸಿದೆ. ‘ಖಂಡಿತ ಬಿಡಿಸುತ್ತೇನೆ, ಗೆದ್ದರಷ್ಟೇ ಫೀಸು’ ಎನ್ನುವುದಕ್ಕೂ ಅದೇ ನಿಯಮ ಅವಕಾಶ ಕೊಡುವುದಿಲ್ಲ. ಚಾಲಕನ ಹೆಸರು ಬದಲಿಸಿ ಡಿಎಲ್ ಇರುವ ಬೇರೆಯವರನ್ನು ತೋರಿಸೋಣ ಎಂದು ಸಲಹೆ ಕೊಡುವವರಿಂದ ತಕ್ಷಣ ದೂರವಾಗಿ. ಅಪಘಾತದ ಕೇಸುಗಳಲ್ಲಿ ಈ ಸಲಹೆ ಬಹಳ ಸಲೀಸಾಗಿ ಬರುತ್ತದೆ. ಅದು ಸುಳ್ಳು ಸಾಕ್ಷ್ಯ ಸೃಷ್ಟಿಸುವ ಹೊಸ ಅಪರಾಧ. ಹಣಕ್ಕೆ ರಸೀದಿ ಕೊಡದವರು, ದಿನಾಂಕ ಕೇಳಿದರೆ ‘ನೀವು ಬರಬೇಕಿಲ್ಲ’ ಎಂದಷ್ಟೇ ಹೇಳುವವರು ಇದ್ದರೆ ಆ್ಯಪ್‌ನಲ್ಲಿ ನೀವೇ ದಿನಾಂಕ ನೋಡಿಕೊಳ್ಳಿ.

ಹಂತ 8: ಕೋರ್ಟಿನ ದಿನ ಮತ್ತು ಅದರ ನಂತರ

ಬೆಳಿಗ್ಗೆ ಬೇಗ ಹೋಗಿ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚಿತು ಎಂಬುದು ನಿಜವಾದ ಕಾರಣವೇ ಇರಬಹುದು, ಆದರೂ ವಕೀಲರಿಗೆ ಕೂಡಲೇ ಫೋನ್ ಮಾಡಿ ತಿಳಿಸಿದ್ದರಷ್ಟೇ ಅದು ನ್ಯಾಯಾಲಯಕ್ಕೆ ತಲುಪುತ್ತದೆ. ಜಾಮೀನು ಬೇಕಾಗುವ ಕೇಸಾದರೆ ಜಾಮೀನುದಾರರು ಆಧಾರ್ ಮತ್ತು ಪಹಣಿ ಸಹಿತ ಬರಲಿ. ಪಹಣಿ ಹೊಸದಾಗಿ ತೆಗೆಸಿದ್ದಿರಲಿ. ಅಪಘಾತದಲ್ಲಿ ಜಪ್ತಿಯಾದ ವಾಹನ ಬಿಡಿಸಲು ಮೋಟಾರು ವಾಹನ ನಿರೀಕ್ಷಕರ ತಪಾಸಣೆ ಮುಗಿದಿದೆಯೇ ಎಂದು ಮೊದಲೇ ಠಾಣೆಯಲ್ಲಿ ವಿಚಾರಿಸಿ. ವಾಹನಕ್ಕೆ ವಿಮೆ ಇರದಿದ್ದರೆ ಬಿಡುಗಡೆಗೆ ಮೊದಲು ಭದ್ರತೆ ಕೇಳುತ್ತಾರೆ. ಇದಕ್ಕೂ ವಕೀಲರ ಅರ್ಜಿ ಬೇಕು.

ಆರೋಪ ಓದಿ ಹೇಳಿದಾಗ ಅರ್ಥವಾಗದಿದ್ದರೆ ತಲೆಯಾಡಿಸಬೇಡಿ. ‘ಸ್ವಾಮಿ, ಅರ್ಥವಾಗಲಿಲ್ಲ, ವಕೀಲರನ್ನು ನೇಮಿಸಿಕೊಳ್ಳಲು ಸಮಯ ಬೇಕು’ ಎಂದು ಕೇಳುವ ಹಕ್ಕು ನಿಮಗಿದೆ.

ಕೇಸ್ ಮುಗಿದ ಮೇಲೆ ದಂಡದ ರಸೀದಿ ಮತ್ತು ಆದೇಶದ ದೃಢೀಕೃತ ನಕಲು ಪಡೆಯಿರಿ. ಡಿಎಲ್ ಅಥವಾ ಆರ್‌ಸಿ ಜಪ್ತಿಯಾಗಿದ್ದರೆ ಅದೇ ವಾರ ಹೋಗಿ ಬಿಡಿಸಿಕೊಳ್ಳಿ. ಕೆಲವು ದಿನ ಬಿಟ್ಟು ಇ-ಚಲನ್ ತಾಣದಲ್ಲಿ ವಾಹನದ ಸಂಖ್ಯೆ ಹಾಕಿ ಬಾಕಿ ತೋರಿಸುತ್ತಿದೆಯೇ ನೋಡಿ. ತೋರಿಸುತ್ತಿದ್ದರೆ ರಸೀದಿಯ ಪ್ರತಿಯೊಂದಿಗೆ ಠಾಣೆಗೆ ಅರ್ಜಿ ಕೊಟ್ಟು ಸರಿಪಡಿಸಿಕೊಳ್ಳಿ. ಇಲ್ಲವಾದರೆ ಮುಂದೆ ವಾಹನ ಮಾರುವ ದಿನ ಇದೇ ಚಲನ್ ಆರ್‌ಟಿಓ ಕಚೇರಿಯಲ್ಲಿ ನಿಮ್ಮನ್ನು ತಡೆಯುತ್ತದೆ.